ಹೊಸ್ತಿಲಲ್ಲಿ ನಿಂತ ಹದಿನೇಳು ಮಂದಿ

ಸ್ವಿಚ್ಚು ಒತ್ತಿದ ಎರಡು ನಿಮಿಷಕ್ಕೆ ಸರಿಯಾಗಿ ಸುಟ್ಟ ನೂಲಿನ ವಾಸನೆ ಬರುತ್ತದೆ. ನೀವು ನಮ್ಮ ಮನೆಗೆ ಹೊಸಬರಾದರೆ ಎದ್ದು ಓಡಬೇಡಿ, ಬೆಂಕಿ ಬಿದ್ದಿಲ್ಲ. ನಮ್ಮ ಕಂಪ್ಯೂಟರು ಇರುವುದು ಮಗ್ಗದ ಕೋಣೆಯ ಮೂಲೆಯಲ್ಲಿ. ಅದರ ಫ್ಯಾನು ಇಡೀ ದಿನ ಹತ್ತಿಯ ದೂಳು ಎಳೆದುಕೊಳ್ಳುತ್ತದೆ, ಮರುದಿನ ಬೆಳಿಗ್ಗೆ ಬಿಸಿಯಾದಾಗ ಅದನ್ನು ವಾಸನೆಯಾಗಿ ವಾಪಸು ಕೊಡುತ್ತದೆ. ತಿಂಗಳಿಗೊಮ್ಮೆ ನಾನು ಪಕ್ಕದ ತಗಡು ಬಿಚ್ಚಿ ಬಣ್ಣ ಬಳಿಯುವ ಬ್ರಷ್ಷಿನಿಂದ ಗುಡಿಸುತ್ತೇನೆ. ಈ ತಿಂಗಳು ಗುಡಿಸಿಲ್ಲ. ವಾಸನೆ ಬಂದಾಗಲೆಲ್ಲ ನಮ್ಮ ಯಜಮಾನರು ಪೇಪರಿನಿಂದ ತಲೆಯೆತ್ತದೆ ಗುಜರಿಗೆ ಹಾಕಬಾರದಾ ಎನ್ನುತ್ತಾರೆ. ಹಾಕಬಾರದು. ಹದಿನಾಲ್ಕು ವರ್ಷ ಕೂತಿದೆ, ಇನ್ನೂ ಹದಿನಾಲ್ಕು ವರ್ಷ ಕೂತಿರಲಿ. ಯಾರ ಗಂಟೇನು ಹೋಯಿತು?

ಇದು ಪೂರ್ತಿ ಎಚ್ಚರವಾಗಿ ಕೆಲಸಕ್ಕೆ ನಿಲ್ಲುವಷ್ಟರಲ್ಲಿ ಒಂದು ಒಬ್ಬೆ ಇಡ್ಲಿ ಬೆಂದಿರುತ್ತದೆ. ಬೇರೆ ದಿನವಾದರೆ ಬೈದುಕೊಳ್ಳುತ್ತೇನೆ. ಇವತ್ತು ಮಾತ್ರ ಇನ್ನಷ್ಟು ನಿಧಾನ ಮಾಡಲಿ ಎಂದುಕೊಳ್ಳುತ್ತಿದ್ದೇನೆ. ಯಾಕೆಂದರೆ ಎದ್ದ ಮೇಲೆ ಅದು ನನಗೆ ಕಾರ್ತಿಯ ಪತ್ರ ತೋರಿಸುತ್ತದೆ, ನಾನು ಉತ್ತರ ಕೊಡಬೇಕು. ಕಾರ್ತಿ ಎಂದರೆ ಹಿಂದೆ ನಮ್ಮ ಬೀದಿಗೆಲ್ಲ ನೂಲು ಕೊಟ್ಟು ಸೀರೆ ನೇಯಿಸಿಕೊಳ್ಳುತ್ತಿದ್ದ ಮೊದಲಾಳಿಯ, ಅಂದರೆ ಧಣಿಯ, ಮಗ. ಕಂಡಲ್ಲೆಲ್ಲ ಅಕ್ಕ ಅಕ್ಕ ಎಂದು ನಿಂತು ಮಾತಾಡಿಸುವ ಹುಡುಗ. ಈಗ ಅವನು ಇಂಟರ್ನೆಟ್ಟಿನಲ್ಲಿ ಸೀರೆ ಮಾರುವ ಅಂಗಡಿ ತೆರೆದಿದ್ದಾನೆ. ನಾವು ಅದಕ್ಕೆ ಸೇರಿಕೊಂಡುಬಿಡಬೇಕಂತೆ. ನಮ್ಮ ಸೀರೆಗಳ ಫೋಟೋ, ಕೊಳ್ಳುವವರ ವಿಳಾಸ, ಆರ್ಡರು ಹಿಡಿಯುವುದು ಎಲ್ಲ ಅವನ ಕೈಗೆ. ನಾವು ನಿಶ್ಚಿಂತೆಯಿಂದ ನೇಯ್ದುಕೊಂಡಿದ್ದರೆ ಆಯಿತಂತೆ. ಪತ್ರದ ಕೊನೆಗೆ ಒಪ್ಪಿಗೆಯ ಗುಂಡಿ ಇಟ್ಟಿದ್ದಾನೆ. ಹನ್ನೊಂದು ಗಂಟೆಗೆ ಫೋನು ಮಾಡಿ ಕೇಳುತ್ತಾನೆ.

ನಮ್ಮ ಅತ್ತೆಯವರನ್ನು ಕೇಳಿದೆ. ಕಣ್ಣಿನ ಆಪರೇಷನ್ ಆದ ಮೇಲೆ ಅವರು ಪರದೆಯ ಮುಂದೆ ಕೂರುವುದಿಲ್ಲ. "ನೀನೇ ಪಾತ್ಕೋ ಕಣ್ಣು, ಇನ್ಮೇಲೆ ನಿನ್ನ ಕೈ" ಎಂದು ಹೇಳಿ ಎಲೆ ಅಡಿಕೆ ಕುಟ್ಟತೊಡಗಿದರು. ಪಾತ್ಕೋ ಎಂದರೆ ನೋಡಿಕೋ, ಕಣ್ಣು ಎಂದರೆ ಇಲ್ಲಿ ಮುದ್ದಿಗೆ ಕರೆಯುವ ಮಾತು. ನನ್ನ ಕೈಯ ಯೋಗ್ಯತೆ ನನಗೆ ಗೊತ್ತಿಲ್ಲವೇ? ಯಾರು ಏನು ಕೇಳಿದರೂ 'ಆಯ್ತು' ಎಂಬುದು ನನ್ನ ಬಾಯಿಂದ ನನಗಿಂತ ಮೊದಲು ಹೊರಟುಬಿಡುತ್ತದೆ. ಹೀಗೆ ಆಯ್ತು ಆಯ್ತು ಎಂದೇ ನಮ್ಮ ಮನೆಗೆ ಮೂರು ನೀರು ಸೋಸುವ ಯಂತ್ರಗಳು ಬಂದು ಸೇರಿವೆ. ನಮ್ಮ ಬಾವಿಯ ನೀರೋ, ಹಾಗೇ ಕುಡಿಯಬಹುದು. ಕಾರ್ತಿಗೂ ನಿನ್ನೆ ಆಯ್ತು ತಮ್ಮ, ನೋಡ್ತೀನಿ ಎಂದಿದ್ದೇನೆ. ನೋಡುತ್ತೇನೆ ಎಂದರೆ ನನ್ನ ಲೆಕ್ಕದಲ್ಲಿ ಮುಕ್ಕಾಲು ಒಪ್ಪಿದ ಹಾಗೆ. ಕಂಪ್ಯೂಟರು ಏಳುವ ತನಕ ನೀವಾದರೂ ನನ್ನ ಜೊತೆ ಕೂತಿರಿ, ಇದೇ ಪೆಟ್ಟಿಗೆಯ ಮುಂದೆ ಹಿಂದೊಮ್ಮೆ ನಡೆದದ್ದನ್ನು ಹೇಳುತ್ತೇನೆ. ಹೇಳಿದರೆ ನನಗೇ ಸ್ವಲ್ಪ ಧೈರ್ಯ ಬಂದೀತು.

ಅತ್ತೆಯವರ ಹೆಸರು ಚೌಡಮ್ಮ. ಎತ್ತರ ಐದಡಿಗೆ ಕಡಿಮೆ, ದನಿ ಮಾತ್ರ ಮಗ್ಗದ ಸದ್ದನ್ನು ಮೀರಿ ಬೀದಿಯ ಕೊನೆಗೆ ಮುಟ್ಟುವಂಥದ್ದು. ಕಾಂಗೇಯದ ಎತ್ತಿನ ಹಾಗೆ ಒಮ್ಮೆ ಕಾಲೂರಿದರೆ ಜಗ್ಗುವವರಲ್ಲ. ಪೊಳ್ಳಾಚಿ ರಸ್ತೆಯಿಂದ ಒಳಗಿರುವ ಈ ನೇಕಾರರ ಬೀದಿಯಲ್ಲಿ ಅವರ ಮನೆತನ ಎಷ್ಟು ತಲೆಮಾರಿನಿಂದ ಇದೆಯೋ ಅವರಿಗೂ ತಿಳಿಯದು. ಕನ್ನಡ ಮನೆಯೊಳಗಿನದು, ಹೊಸ್ತಿಲು ದಾಟಿದರೆ ತಮಿಳು, ಓದಲು ಬರುವುದೂ ತಮಿಳೇ. ಕೊಳ್ಳೇಗಾಲದ ಕಡೆಯಿಂದ ಮದುವೆಯಾಗಿ ಬಂದ ನಾನು ಮೊದಲ ವಾರ ಯಾರಿಗೋ 'ದಯವಿಟ್ಟು ಸ್ವಲ್ಪ ಸರಿಯಿರಿ' ಎಂದದ್ದಕ್ಕೆ ಬೀದಿಯ ಹೆಂಗಸರೆಲ್ಲ ಮೂರು ದಿನ ನಕ್ಕರು. ಸೊಸೆ ಬಂದಿಲ್ಲ, ರೇಡಿಯೋ ಬಂದಿದೆ ಎಂದು ಅತ್ತೆಯೇ ಉಪ್ಪುಖಾರ ಹಚ್ಚಿ ಹೇಳಿಕೊಂಡು ಬಂದರು. ನಾನು 'ಆಯ್ತು ಅತ್ತೆ' ಎಂದೆ.

ಆ ಮನೆಯಲ್ಲಿ ಆಡಬಾರದ ಮಾತೊಂದಿತ್ತು. ಇಲ್ಲ ಎಂಬ ಮಾತು. ನಮ್ಮ ಕಡೆಯೂ ಬಳೆ ಒಡೆಯಿತು ಎನ್ನುವುದಿಲ್ಲ, ಹೆಚ್ಚಿತು ಎನ್ನುತ್ತೇವೆ; ದೀಪ ಆರಿಸು ಎನ್ನುವುದಿಲ್ಲ, ಶಾಂತ ಮಾಡು ಎನ್ನುತ್ತೇವೆ. ಆದರೆ ಅತ್ತೆಯವರದು ನಮ್ಮನ್ನೂ ಮೀರಿಸಿದ ಮಡಿ. ಅಕ್ಕಿ ಡಬ್ಬ ಬರಿದಾದರೆ 'ಅಕ್ಕಿ ತುಂಬಿದೆ' ಎಂದು ಹೇಳಿ ಅಂಗಡಿಗೆ ಕಳಿಸಬೇಕು. ಬೆಳಿಗ್ಗೆ ಮಗ್ಗ ಹೂಡುವ ಹೊತ್ತಿಗೆ ಹೊಸ್ತಿಲಿಗೆ ಯಾರು ಬಂದು ಏನು ಕೇಳಿದರೂ ಇಲ್ಲ ಎನ್ನುವಂತಿಲ್ಲ. ಕೊಡಲು ಏನೂ ಇರದಿದ್ದರೆ ಹೋಗಿ ಬಾ ಎನ್ನಬೇಕು. ಹಾಗೆ ಹೇಳಿಸಿಕೊಂಡವರು ನಿಜಕ್ಕೂ ಹೋಗಿ ಬರುತ್ತಿದ್ದರು, ಅದು ಬೇರೆ ಮಾತು. ಹೊಸ್ತಿಲಲ್ಲಿ ಆ ಮಾತು ಬಿದ್ದರೆ ಮಗ್ಗದ ಮೇಲಿನ ಎಳೆ ಹರಿಯುತ್ತದೆ ಎಂದು ಅತ್ತೆ ನಂಬಿದ್ದರು. ನನಗೆ ಈ ಪದ್ಧತಿ ಬಹಳ ಹಿಡಿಸಿತು. ಹುಟ್ಟಾ ಪುಕ್ಕಲಿಗೆ ಪುಕ್ಕಲುತನವೇ ಸಂಪ್ರದಾಯವಾಗಿರುವ ಮನೆ ಸಿಕ್ಕಿತಲ್ಲ!

ಕಂಪ್ಯೂಟರು ಬಂದದ್ದು ಕುರಿಚಿಯಿಂದ. ನಮ್ಮ ಯಜಮಾನರು ಅಲ್ಲಿ ಎರಕದ ಕಾರ್ಖಾನೆಯೊಂದರಲ್ಲಿ ಕೆಲಸದಲ್ಲಿದ್ದರು. ಆಫೀಸಿಗೆ ಹೊಸ ಕಂಪ್ಯೂಟರು ಬಂದಾಗ ಹಳೆಯದನ್ನು ಇವರು ತಂದರು. ಅತ್ತೆ ಅದಕ್ಕೆ ವಿಭೂತಿ ಬಳಿದು ಕುಂಕುಮವಿಟ್ಟು ಕರ್ಪೂರ ಬೆಳಗಿದರು. ಯಾಕೆ ಅಷ್ಟು ಭಕ್ತಿ ಎಂದರೆ, ಅದರ ಹಿಂದಿನ ವರ್ಷವಷ್ಟೇ ಅತ್ತೆ ಮೊದಲಾಳಿಯನ್ನು ಬಿಟ್ಟಿದ್ದರು. ಅವರು ತಲೆಯಲ್ಲೇ ಲೆಕ್ಕ ಹಾಕಿ ಕಟ್ಟಿದ ಹೊಸ ಅಂಚಿನ ಸೀರೆಯೊಂದನ್ನು ಮೊದಲಾಳಿ ನಾಲ್ಕು ಜನರೆದುರು ಬಿಸಾಕಿ, ನೇಯುವವರು ನೇಯಬೇಕು, ಯೋಚನೆ ಮಾಡಬಾರದು ಎಂದಿದ್ದನಂತೆ. ಅತ್ತೆ ಆ ಸೀರೆ ಎತ್ತಿಕೊಂಡು ಮನೆಗೆ ಬಂದವರು ಮತ್ತೆ ಅವನ ನೂಲು ಮುಟ್ಟಲಿಲ್ಲ. ಬೀದಿಯ ಇನ್ನೂ ಐದು ಮನೆಯವರು ಅವರ ಹಿಂದೆ ಬಂದರು. ನಾನು ಸೀರೆಗಳ ಫೋಟೋ ತೆಗೆದು ಇ-ಮೇಲಿನಲ್ಲಿ ಊರೂರಿಗೆ ಕಳಿಸತೊಡಗಿದೆ, ಒಂದೊಂದೇ ಆರ್ಡರು ಬರತೊಡಗಿತು. ಆರು ಮನೆಗಳ ಮಗ್ಗ ಓಡುವುದು ಈ ಪೆಟ್ಟಿಗೆಯ ಮೇಲೆ ಎಂದಾಯಿತು. ಪೆಟ್ಟಿಗೆ ನಿಂತ ದಿನ ಎಲ್ಲರೂ ನನ್ನ ಬಾಗಿಲಿಗೇ ಬರುತ್ತಾರೆ ಎಂದು ಮೊದಲಾಳಿ ಟೀ ಅಂಗಡಿಯಲ್ಲಿ ಹೇಳಿಕೊಂಡು ತಿರುಗಿದ. ನಮಗೆ ಕೇಳಿಸಲಿ ಎಂದೇ ಹೇಳಿದ್ದು.

ಅತ್ತೆಗೆ ನಾನು ಮೌಸ್ ಹಿಡಿಯುವುದು ಕಲಿಸಿದೆ. ಮಧ್ಯಾಹ್ನ ನಾನು ಅಡಿಗೆಮನೆಯಲ್ಲಿದ್ದಾಗ ಅವರೇ ಕೂತು ಆರ್ಡರು ಬಂತೇ ಎಂದು ನೋಡುತ್ತಿದ್ದರು. ಪರದೆಯ ಮೇಲೆ ಆಗಾಗ ಒಂದು ಸಣ್ಣ ಚೌಕ ಎದ್ದು ಏನೋ ಕೇಳುತ್ತಿತ್ತು. ಕೆಳಗೆ ಎರಡು ಗುಂಡಿ. ಇದರಲ್ಲಿ ಇಲ್ಲ ಅನ್ನೋದು ಯಾವುದು ಎಂದು ಅತ್ತೆ ಮೊದಲ ದಿನವೇ ಕೇಳಿ ತಿಳಿದುಕೊಂಡರು. ತಿಳಿದುಕೊಂಡದ್ದು ಯಾಕೆ ಗೊತ್ತೇ? ತಪ್ಪಿಯೂ ಅದನ್ನು ಮುಟ್ಟದೆ ಇರಲು. ನಾನೂ ಅದೇ ಜಾತಿಯವಳು. ಹೀಗೆ ಅತ್ತೆಸೊಸೆ ಇಬ್ಬರೂ ಸೇರಿ ಬಾಗಿಲಿಗೆ ಬಂದವರನ್ನೆಲ್ಲ ಒಳಗೆ ಕರೆದೆವು. ಹವಾಮಾನ ಹೇಳುವವನು ಬಂದ. ರಾಶಿಫಲ ಹೇಳುವವನು ಬಂದ. ಪರದೆಯಲ್ಲಿ ಮೀನು ಈಜಿಸುವವನು, ಕಂಪ್ಯೂಟರು ಗುಡಿಸಿಕೊಡುತ್ತೇನೆ ಎಂದು ದಿನಕ್ಕೆ ನಾಲ್ಕು ಸಲ ಹೆದರಿಸುವವನು, ಬ್ರೌಸರಿನ ತಲೆಯ ಮೇಲೆ ಪಟ್ಟಿ ಪಟ್ಟಿಯಾಗಿ ಕೂರುವವರು. ಯಾರ್ಯಾರು ಎಂದು ನಮಗೂ ಲೆಕ್ಕವಿರಲಿಲ್ಲ. ಸುದ್ದಿ ಕಳಿಸಲೇ ಎಂದು ಕೇಳಿದ ಸೈಟುಗಳಿಗೆಲ್ಲ ಕಳಿಸಪ್ಪ ಎಂದೆವು. ಮೂರು ವರ್ಷದಲ್ಲಿ ಬೆಳಿಗ್ಗೆ ಸ್ವಿಚ್ಚು ಒತ್ತಿದರೆ ಕಂಪ್ಯೂಟರು ಏಳುವುದಕ್ಕೆ ಮುಕ್ಕಾಲು ಗಂಟೆ ಹಿಡಿಯತೊಡಗಿತು. ಬ್ರೌಸರು ತೆರೆದರೆ ನಮ್ಮ ಇ-ಮೇಲಿನ ಬದಲು ಬಹುಮಾನದ ಚಕ್ರವೊಂದು ಗಿರಗಿರ ತಿರುಗುತ್ತಿತ್ತು. ಅತ್ತೆ ಮೊದಲೆರಡು ದಿನ ಏನಾದರೂ ಬಂದೀತೇ ಎಂದು ಕಾದು ಕೂತಿದ್ದರು ಎಂಬುದನ್ನು ಹೇಳದಿದ್ದರೆ ಅಪ್ರಾಮಾಣಿಕತೆಯಾಗುತ್ತದೆ.

ಆಗಲೇ ಚೆನ್ನೈನ ಅಂಗಡಿಯೊಂದು ನಲವತ್ತು ಸೀರೆ ಕೇಳಿತು. ಅದೂ ಅತ್ತೆಯ ಅಂಚು, ಮೊದಲಾಳಿ ಬಿಸಾಕಿದ ಅದೇ ಅಂಚು. ಅವರ ಸೈಟಿನ ಪುಟಕ್ಕೆ ಹೋಗಿ ಫೋಟೋ ಹಾಕಿ ಒಪ್ಪಿಗೆ ಕೊಡಬೇಕು, ಶುಕ್ರವಾರ ಸಂಜೆಯೊಳಗೆ. ತಪ್ಪಿದರೆ ಆರ್ಡರು ಬೇರೆಯವರಿಗೆ. ಆರು ಮನೆಗೂ ಮೂರು ತಿಂಗಳ ಕೆಲಸ ಅದು. ಆ ಪುಟ ಫೋನಿಗೆ ಒಗ್ಗುವಂಥದ್ದಲ್ಲ, ಕಂಪ್ಯೂಟರಿನಲ್ಲಿ ತೆರೆಯಲೇ ಇಲ್ಲ. ಸೋಮವಾರ ತೆರೆಯಲಿಲ್ಲ, ಮಂಗಳವಾರವೂ ತೆರೆಯಲಿಲ್ಲ. ಪೊಳ್ಳಾಚಿಯಿಂದ ರಿಪೇರಿಯವನನ್ನು ಕರೆಸಿದೆವು. ಅವನು ನಿಂತುಕೊಂಡೇ ನೋಡಿ, ಇದಕ್ಕೆ ಜೀವ ಹೋಗಿದೆ, ಒಳಗಿರುವುದನ್ನೆಲ್ಲ ಅಳಿಸಿ ಹೊಸದಾಗಿ ಹಾಕಬೇಕು, ಫೋಟೋಗೀಟೋ ಉಳಿಯುವುದು ನನ್ನ ಹೊಣೆಯಲ್ಲ, ಅದೂ ಮುಂದಿನ ವಾರ ಎಂದ. ನಮ್ಮ ಯಜಮಾನರು ಮೆಲ್ಲಗೆ, ಈ ಒಂದು ಸಲ ಮೊದಲಾಳಿಯ ಆಫೀಸಿನಿಂದ ಕಳಿಸಿದರೆ ಹೇಗೆ ಎಂದರು. ನಾನು ಆಯ್ತು ಎನ್ನಲು ಬಾಯಿ ತೆರೆದಿದ್ದೆ, ನಿಮ್ಮಾಣೆ. ಅತ್ತೆ ಇಬ್ಬರನ್ನೂ ನೋಡಿದರು. "ಸತ್ರೂ ಅವನ ಹೊಸ್ಲು ತುಳಿಯಲ್ಲ. ನೀನು ಓದಿರೋಳು ತಾನೆ? ಪೆಟ್ಟಿ ಬಿಚ್ಚು."

ನಾನು ಓದಿದ್ದು ಇತಿಹಾಸ. ಆದರೆ ಅದನ್ನು ಆಗ ಹೇಳುವಷ್ಟು ಧೈರ್ಯವಿರಲಿಲ್ಲ. ಬುಧವಾರವೆಲ್ಲ ಫೋನಿನ ಅಂಗೈ ಅಗಲದ ಪರದೆಯಲ್ಲಿ ಹಳೆಯ ಕಂಪ್ಯೂಟರು ನಿಧಾನವಾದರೆ ಏನು ಮಾಡಬೇಕು ಎಂದು ಹುಡುಕಿ ಓದಿ, ಮಗನ ಹಳೆಯ ನೋಟ್‌ಬುಕ್ಕಿನ ಹಿಂದೆ ಕನ್ನಡದಲ್ಲಿ ಬರೆದುಕೊಂಡೆ. ಕಂಪ್ಯೂಟರು ಏಳುವಾಗ ತಾವೂ ಜೊತೆಗೇ ಏಳುವ ಪ್ರೋಗ್ರಾಮುಗಳ ಪಟ್ಟಿಯೊಂದು ಒಳಗಿರುತ್ತದೆ; ಒಂದೊಂದರ ಹೆಸರಿನ ಪಕ್ಕ ಟಿಕ್ ಗುರುತು; ಟಿಕ್ ತೆಗೆದರೆ ಅದು ಕರೆಯದೆ ಏಳುವುದಿಲ್ಲ. ಗುರುವಾರ ಬೆಳಿಗ್ಗೆ ಅತ್ತೆ ಮಗ್ಗ ನಿಲ್ಲಿಸಿ, ಮಣೆ ಎಳೆದುಕೊಂಡು ಪಕ್ಕದಲ್ಲಿ ಕೂತರು. ನಾನು ಪಟ್ಟಿ ತೆರೆದೆ. ಹದಿನೇಳು ಹೆಸರು.

ಅತ್ತೆ ಹೊಸ ಆಳನ್ನು ಕೆಲಸಕ್ಕೆ ಇಟ್ಟುಕೊಳ್ಳುವಾಗ ಕೇಳುವ ಹಾಗೆಯೇ ಒಬ್ಬೊಬ್ಬನನ್ನೂ ವಿಚಾರಿಸಿದರು. ಇವನು ಯಾರು, ಯಾವ ವೇಲೆ, ಅಂದರೆ ಕೆಲಸ, ಮಾಡುತ್ತಾನೆ, ಬೆಳಿಗ್ಗೆಯೇ ಬಂದು ನಿಲ್ಲುವಂಥ ಅವಸರ ಇವನಿಗೇನು? ನಾನು ಹೆಸರು ಓದಿ, ಫೋನಿನಲ್ಲಿ ಹುಡುಕಿ ಹೇಳುತ್ತಿದ್ದೆ. ಪ್ರಿಂಟರಿನವನು ಎಂದೆ. ನಮ್ಮಲ್ಲಿ ಪ್ರಿಂಟರೇ ಇರಲಿಲ್ಲ. ಕಾರ್ಖಾನೆಯ ಆಫೀಸಿನಿಂದ ಜೊತೆಗೇ ಬಂದವನು, ಮೂರು ವರ್ಷದಿಂದ ದಿನಾ ಬೆಳಿಗ್ಗೆ ಎದ್ದು ಕಾಣದ ಪ್ರಿಂಟರಿಗಾಗಿ ಕಾದು ಕೂರುತ್ತಿದ್ದ. ಪಾಪ ಎಂದರು ಅತ್ತೆ, ಆದರೂ ಟಿಕ್ ತೆಗೆಸಿದರು. ಟಿಕ್ ತೆಗೆಯುವುದು ಇಲ್ಲ ಎಂದ ಹಾಗಲ್ಲ, ಬೇಕಾದಾಗ ಕರೆಯುತ್ತೇನೆ ಹೋಗಿರು ಎಂದ ಹಾಗೆ ಎಂದು ಅವರೇ ತೀರ್ಮಾನ ಮಾಡಿದ್ದರಿಂದ ಕೆಲಸ ಸಲೀಸಾಗಿ ನಡೆಯಿತು. ಹದಿನೇಳರಲ್ಲಿ ಉಳಿದದ್ದು ಇಬ್ಬರೇ. ವೈರಸ್ ಬರದಂತೆ ಕಾಯುವವನು ಒಬ್ಬ, ಸದ್ದು ಬರಿಸುವವನು ಒಬ್ಬ. ಅತ್ತೆಸೊಸೆ ಗೆದ್ದೆವು ಎಂದುಕೊಂಡು ಕಂಪ್ಯೂಟರನ್ನು ಮತ್ತೆ ಏಳಿಸಿದೆವು. ಹತ್ತೇ ನಿಮಿಷಕ್ಕೆ ಎದ್ದಿತು. ಇಂಟರ್ನೆಟ್ ಮಾತ್ರ ಪೂರ್ತಿ ಮಾಯ.

ಅರ್ಧ ಗಂಟೆ ತಡಕಾಡಿದ ಮೇಲೆ ತಿಳಿಯಿತು, ನೆಟ್ ಬರುತ್ತಿದ್ದದ್ದು ಬೆರಳುದ್ದದ ಡಾಂಗಲಿನಿಂದ. ಅದನ್ನು ಎಬ್ಬಿಸುವ ಪ್ರೋಗ್ರಾಮನ್ನೂ ನಾವು ಗುಂಪಿನಲ್ಲಿ ಗೋವಿಂದ ಮಾಡಿದ್ದೆವು. ಹೆಸರು ನೋಡಿ ಅವನನ್ನು ಹೊರಗೆ ಹಾಕಿಸಿದವಳು ನಾನೇ. ಅತ್ತೆ ಬೈಯಲಿಲ್ಲ. ಮಗ್ಗ ಬಿಚ್ಚಿ ಕಟ್ಟುವಾಗ ಇಂಥದ್ದು ಆಗುವುದೇ ಎಂಬ ಮುಖ ಮಾಡಿ, ಅವನೊಬ್ಬನನ್ನು ಮರ್ಯಾದೆಯಿಂದ ವಾಪಸು ಕರೆಸಿದರು.

ಇನ್ನು ಬ್ರೌಸರು. ಅದರ ಮೊದಲ ಪುಟವನ್ನು ನಾನು ಸರಿಮಾಡಿ ಮುಚ್ಚಿ ತೆರೆದರೆ ಮತ್ತೆ ಚಕ್ರವೇ ತಿರುಗುತ್ತಿತ್ತು. ಮೂರು ಸಲ ಸರಿಮಾಡಿದೆ, ಮೂರು ಸಲವೂ ಹಲ್ಲು ಕಿರಿಯಿತು. ಕೊನೆಗೆ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಂತೆ ಬ್ರೌಸರಿನ ಚಿತ್ರದ ಮೇಲೆ ಮೌಸಿನ ಬಲಗುಂಡಿ ಒತ್ತಿ ಒಳಗಿನ ವಿವರ ತೆಗೆದು ನೋಡಿದರೆ, ಬ್ರೌಸರಿನ ಹೆಸರು ಮುಗಿದ ಮೇಲೆ ಒಂದಿಷ್ಟು ಜಾಗ ಬಿಟ್ಟು, ಯಾರಿಗೂ ಕಾಣದ ಹಾಗೆ ಆ ಚಕ್ರದವನ ವಿಳಾಸ ಅಂಟಿಕೊಂಡಿತ್ತು. ಬ್ರೌಸರು ತೆರೆದಾಗಲೆಲ್ಲ ಅವನ ಮನೆಗೇ ಹೋಗುವಂತೆ ಕಟ್ಟಿಹಾಕಿದ್ದ. ಆ ಬಾಲ ಅಳಿಸಿದೆ. ಬ್ರೌಸರಿನೊಳಗೆ ಸೇರಿಕೊಂಡಿದ್ದ ಪಟ್ಟಿಗಳನ್ನು ತೆಗೆಯಲು ಹೋದಾಗ ಅದು ಮತ್ತೊಂದು ಚೌಕ ಎಬ್ಬಿಸಿ, ಇವರನ್ನು ಖಂಡಿತ ತೆಗೆದುಹಾಕಬೇಕೇ ಎಂದು ಕೇಳಿತು. ಸುದ್ದಿ ಕಳಿಸುವವರ ಎದುರಿಗೂ ಹಾಗೆಯೇ, ಬಿಡುವುದೋ ತಡೆಯುವುದೋ ಎಂದು. ಇದು ಹೋಗಿರು ಎನ್ನುವ ಕೆಲಸವಲ್ಲ. ನೇರವಾಗಿ ಬೇಡ ಎನ್ನಬೇಕು. ಮಗ್ಗದ ಮೇಲೆ ಹೊಸ ಎಳೆ ಹೂಡಿದೆ, ಹೊತ್ತು ಬೆಳಗಿನದು. ನನ್ನ ಬೆರಳು ನಿಂತಿತು. ಇದ್ದುಬಿಡಲಿ ಅತ್ತೆ, ಮೂಲೆಯಲ್ಲಿ ಬಿದ್ದಿರುತ್ತಾರೆ ಎಂದೆ.

ಅತ್ತೆ ಮೌಸ್ ಕಿತ್ತುಕೊಂಡರು. ಒಮ್ಮೆ ಮಗ್ಗದ ಮೇಲಿನ ಎಳೆಯ ಕಡೆ ನೋಡಿಕೊಂಡರು. "ತಿಣ್ಣೇಲಿ ಕುಂತ್ಕೋ ಅಂದೆ, ನನ್ನ ತರಿ ಮೇಲೇ ಹತ್ತಿ ಕುಂತವ್ನೆ" ಎಂದರು. ತಿಣ್ಣೆ ಎಂದರೆ ಇಲ್ಲಿಯ ಜಗಲಿ, ತರಿ ಎಂದರೆ ಮಗ್ಗ. ಆಮೇಲೆ ನನ್ನ ಕಡೆ ತಿರುಗಿದರು. "ಕೇಳೋರಿಗೆ ಇಲ್ಲ ಅನ್ನಬಾರ್ದು ಕಣ್ಣು. ಇವನು ಕೇಳಕ್ಕೆ ಬಂದೋನಲ್ಲ. ಕಿತ್ಕೊಳ್ಳಕ್ಕೆ ಬಂದೋನು." ಟಕ್ ಎಂದು ಒತ್ತಿದರು. ಮುಂದಿನವನನ್ನೂ ಒತ್ತಿದರು. ಹತ್ತಿಪ್ಪತ್ತು ಆದಮೇಲೆ ಮಗ್ಗದ ಕಡೆ ನೋಡುವುದನ್ನೂ ಬಿಟ್ಟರು. ಆಮೇಲಾಮೇಲೆ ಇನ್ನೂ ಇದ್ದಾರಾ ಎಂದು ಅವರೇ ಕೇಳತೊಡಗಿದರು.

ಇಷ್ಟೆಲ್ಲ ಆಗಿ ಚೆನ್ನೈಯವರ ಪುಟ ತೆರೆಯಬೇಕಲ್ಲ? ಊಹೂಂ. ಶುಕ್ರವಾರ ಬೆಳಿಗ್ಗೆ ಕಂಪ್ಯೂಟರು ಹುಷಾರಾಗಿ ಎದ್ದಿತು, ಬ್ರೌಸರು ಸ್ವಚ್ಛವಾಗಿ ತೆರೆಯಿತು, ಆ ಪುಟಕ್ಕೆ ಹೋದರೆ ಮಾತ್ರ ಇದು ಸುರಕ್ಷಿತವಲ್ಲ ಎಂದು ಕೆಂಪು ಗುರುತು ತೋರಿಸಿ ಬಾಗಿಲು ಹಾಕಿಕೊಂಡಿತು. ನಾನು ನೋಟ್‌ಬುಕ್ಕಿನ ಕೊನೆಯ ಸಾಲು ಮುಟ್ಟಿದ್ದೆ. ಮಾಡುವುದಕ್ಕೆ ಇನ್ನೇನೂ ಉಳಿದಿರಲಿಲ್ಲ. ನಿಜ ಹೇಳುತ್ತೇನೆ, ತಲೆ ಮೇಲೆ ಕೈ ಹೊತ್ತು ಅತ್ತುಬಿಟ್ಟೆ. ಐದು ಮನೆಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಬಾಗಿಲಲ್ಲಿ ಇಣುಕಿ, ಏನೂ ಕೇಳದೆ ಹೋಗುತ್ತಿದ್ದರು. ಬೈದಿದ್ದರೂ ಸಹಿಸುತ್ತಿದ್ದೆ.

ಅತ್ತೆ ಆಗ ಗೋಡೆಯ ದಿನದ ಕ್ಯಾಲೆಂಡರಿನ ಹಾಳೆ ಕೀಳುತ್ತಿದ್ದರು. ಬೆಳಿಗ್ಗೆ ಸ್ನಾನ ಮಾಡಿ ಅವರು ಮೊದಲು ಮಾಡುವ ಕೆಲಸ ಅದು, ಪ್ರಳಯವಾದರೂ ತಪ್ಪಿಸುವುದಿಲ್ಲ. ಹಾಳೆ ಕಿತ್ತು, ತಾರೀಕು ನೋಡಿ, ರಾಹುಕಾಲ ಎಷ್ಟಕ್ಕೆ ಎಂದು ಓದಿ, ತಿರುಗಿ ಪರದೆಯ ಕಡೆ ಬಂದರು. ಇಂಗ್ಲಿಷು ಬಾರದಿದ್ದರೂ ಅಂಕಿ ಬರುತ್ತಿತ್ತಲ್ಲ, ಕೆಳಗಿನ ಬಲಮೂಲೆಗೆ ಬೆರಳಿಟ್ಟರು. ಇದ್ಯಾವ ತೇದಿ ಎಂದು ಕೇಳಿದರು. ನೋಡಿದೆ. ಜನವರಿ ಒಂದು, ಅದೂ ಎಷ್ಟೋ ವರ್ಷ ಹಿಂದಿನದು. ಆ ಹೊತ್ತಿಗೆ ನನಗಿನ್ನೂ ಮದುವೆಯೇ ಆಗಿರಲಿಲ್ಲ. ಇದರ ಹಾಳೆಯನ್ನು ಯಾರೂ ಕಿತ್ತಿಲ್ಲವಲ್ಲ ಎಂದರು ಅತ್ತೆ, ಬಹಳ ಸಹಜವಾಗಿ.

ಮತ್ತೆ ಫೋನಿನಲ್ಲಿ ಹುಡುಕಿದೆ. ಕಂಪ್ಯೂಟರಿನ ಹೊಟ್ಟೆಯಲ್ಲಿ ಕೈಗಡಿಯಾರದಲ್ಲಿರುವಂಥ ಬಿಲ್ಲೆ ಸೆಲ್ಲೊಂದು ಇರುತ್ತದೆ. ಕರೆಂಟು ಇಲ್ಲದಾಗಲೂ ತಾರೀಕು ನೆನಪಿಡುವುದು ಅದರ ಕೆಲಸ. ಅದು ಸತ್ತರೆ ಸ್ವಿಚ್ಚು ಆರಿಸಿದಾಗಲೆಲ್ಲ ಕಂಪ್ಯೂಟರು ತಾನು ಹುಟ್ಟಿದ ಕಾಲಕ್ಕೆ ಹೋಗಿಬಿಡುತ್ತದೆ. ತಾರೀಕು ತಪ್ಪಿದ ಬ್ರೌಸರನ್ನು ಸುರಕ್ಷಿತ ಪುಟಗಳು ಒಳಗೆ ಬಿಡುವುದಿಲ್ಲ. ಮೂರು ವರ್ಷದಿಂದ ಆ ಮೂಲೆಯನ್ನು ನೋಡುತ್ತಾ ಕೂತಿದ್ದವಳು, ಇತಿಹಾಸ ಓದಿದವಳು, ನನಗೆ ಕಾಣದ್ದು ಅವರಿಗೆ ಕಂಡಿತು. ತಾರೀಕು ತಿದ್ದಿದೆ. ಪುಟ ತೆರೆಯಿತು. ಮಧ್ಯಾಹ್ನದೊಳಗೆ ಫೋಟೋಗಳೆಲ್ಲ ಹೋದವು. ಒಪ್ಪಿಗೆಯ ಗುಂಡಿಯನ್ನು ಅತ್ತೆಯೇ ಒತ್ತಿದರು; ಆ ಅಂಚು ಅವರದಲ್ಲವೇ? ಸಂಜೆ ಗಡಿಯಾರದ ಅಂಗಡಿಯಿಂದ ಹೊಸ ಬಿಲ್ಲೆ ತಂದು ಹಾಕಿದೆವು. ಬೀದಿಯವರಿಗೆಲ್ಲ ಆ ದಿನ ನಮ್ಮ ಮನೆಯಲ್ಲಿ ಪಾಯಸ.

ಮುಂದಿನ ವಾರ ಬೆಳಿಗ್ಗೆ ಮೊದಲಾಳಿಯೇ ಬಂದ. ನಲವತ್ತು ಸೀರೆಯ ಎಳೆಗಳನ್ನು ಬೀದಿಯುದ್ದ ಹಾಸಿ ಗಂಜಿ ಎಳೆಯುತ್ತಿದ್ದೆವು, ಆರು ಮನೆಯವರೂ ಅಲ್ಲಿದ್ದರು. ಅವನು ನಮ್ಮ ಹೊಸ್ತಿಲಿಗೆ ಬಂದು ನಿಂತು, ಬಹಳ ಮೆತ್ತಗೆ, ಆದದ್ದು ಆಗಿಹೋಯಿತು, ಸಂತೋಷ, ಇನ್ನು ಈ ಪೆಟ್ಟಿಗೆಯ ಗೋಜು ನಿಮಗೆ ಯಾಕೆ, ಆ ಅಂಗಡಿಯವರ ವಿಳಾಸ ಕೊಡಿ, ನಾನು ನೋಡಿಕೊಳ್ಳುತ್ತೇನೆ, ಮುಂದಿನ ತಿಂಗಳಿಂದ ನೂಲು ನನ್ನದೇ ಬರುತ್ತದೆ ಎಂದ. ಕೇಳಿದ ಎನ್ನಲು ಹೊರಟಿದ್ದೆ. ಆದರೆ ಅವನು ಕೇಳಲಿಲ್ಲ, ಹೇಳಿದ. ಆಗಲಿ ಹೋಗಿ ಬನ್ನಿ ಎಂಬ ಮಾತು ಅತ್ತೆಯಿಂದ ಬರುತ್ತದೆ ಎಂದು ಎಲ್ಲರೂ ಕಾದರು, ನಾನೂ ಕಾದೆ.

ಅತ್ತೆ ಸೆರಗಿಗೆ ಕೈ ಒರೆಸಿಕೊಂಡು ಹೊಸ್ತಿಲಿಗೆ ಬಂದರು. ಇಲ್ಲಿಯವರು ಮರ್ಯಾದೆಗೆ ಮಾತಿನ ಬಾಲಕ್ಕೆ ಒಂದು 'ಈಂಗ' ಸೇರಿಸುತ್ತಾರೆ. ಆ ಮರ್ಯಾದೆಯನ್ನೂ ಅವರು ಬಿಡಲಿಲ್ಲ.

"ಇಲ್ಲೀಂಗ" ಎಂದರು.

ಮೊದಲಾಳಿ ಮುಂದಿನ ಮಾತಿಗೆ ಕಾದ. ಕೊಡುವುದಿಲ್ಲ ಎನ್ನುವವರು ಯಾಕೆ ಎಂದು ಹೇಳುತ್ತಾರಲ್ಲ, ಕಷ್ಟಸುಖ ತೋಡಿಕೊಳ್ಳುತ್ತಾರಲ್ಲ. ಅತ್ತೆ ನನ್ನನ್ನು ಕರೆದರು. ಬಿಸಿಲಿಗೆ ಬಂದಿದ್ದಾರೆ, ಮಜ್ಜಿಗೆ ತಂದುಕೊಡು ಎಂದು ನನ್ನನ್ನು ಒಳಗೆ ಕಳಿಸಿದರು. ಅವನು ನಿಂತೇ ಕುಡಿದು, ಲೋಟ ಜಗಲಿಯ ಮೇಲಿಟ್ಟು ಹೋದ. ಆಮೇಲೆ ಅತ್ತೆ ಹೊಸ್ತಿಲಿಗೆ ನೀರು ಹಾಕಿ ತೊಳೆದು ಹೊಸದಾಗಿ ರಂಗೋಲಿ ಬಿಟ್ಟರು. ಎಷ್ಟಾದರೂ ಆಡಬಾರದ ಜಾಗದಲ್ಲಿ ಆಡಿದ ಮಾತು. ರಂಗೋಲಿ ಬಿಡುವಾಗ ಅವರ ಕಣ್ಣಲ್ಲಿ ನೀರಿತ್ತು, ಮುಖದಲ್ಲಿ ಮಾತ್ರ ಒಂಚೂರೂ ಪಶ್ಚಾತ್ತಾಪವಿರಲಿಲ್ಲ. ಆ ನಲವತ್ತು ಸೀರೆಯಲ್ಲಿ ಒಂದು ಎಳೆಯೂ ಹರಿಯಲಿಲ್ಲ ಎಂದು ಹೇಳಿದರೆ ಕತೆ ಚೆನ್ನಾಗಿರುತ್ತದೆ. ಬೇಕಾದಷ್ಟು ಹರಿದವು. ಕಟ್ಟಿಕೊಂಡೆವು, ನೇಯ್ದೆವು, ಕಳಿಸಿದೆವು.

ಇಗೋ, ಕಂಪ್ಯೂಟರು ಎದ್ದಿದೆ. ನಿಮ್ಮ ಬ್ರೌಸರು ತೀರ ಹಳೆಯದಾಯಿತು ಎಂದು ಹಳದಿ ಪಟ್ಟಿಯೊಂದು ದಿನಾ ಹೇಳುತ್ತದೆ, ಇವತ್ತೂ ಹೇಳಿತು. ಅದನ್ನು ಮುಚ್ಚಿದೆ. ಕಾರ್ತಿಯ ಪತ್ರ ತೆರೆದು ಈ ಸಲ ಅವಸರವಿಲ್ಲದೆ ಓದಿದೆ. ಒಪ್ಪಿದೆ ಎಂಬ ಗುಂಡಿ ಹಸಿರು, ಅಂಗೈಯಷ್ಟು ದೊಡ್ಡದು. ಒಪ್ಪುವುದಿಲ್ಲ ಎಂಬುದು ಕೆಳಗೆಲ್ಲೋ ಬೂದುಬಣ್ಣದಲ್ಲಿ, ಕನ್ನಡಕ ಹಾಕಿ ಹುಡುಕಬೇಕು. ನಡುವೆ ಸಣ್ಣಕ್ಷರದ ಸಾಲೊಂದಿತ್ತು. ಒಮ್ಮೆ ಸೇರಿದ ಮೇಲೆ ನಮ್ಮ ಅಂಚುಗಳನ್ನು ನಾವೇ ಬೇರೆಯವರಿಗೆ ಮಾರುವಂತಿಲ್ಲವಂತೆ. ನಿನ್ನೆ ಎರಡು ಸಲ ಓದಿದ್ದೆ, ಕಣ್ಣಿಗೆ ಬಿದ್ದಿರಲಿಲ್ಲ. ನಿಜವಾಗಿ ಕೇಳಲು ಬಂದವನು ಎರಡು ಉತ್ತರಕ್ಕೂ ಒಂದೇ ಅಳತೆಯ ಜಾಗ ಇಡುತ್ತಾನೆ. ನನಗೆ ಸಿಟ್ಟು ಬಂತು. ಬಹಳ ವರ್ಷಕ್ಕೆ ಬಂದ ಸಿಟ್ಟು, ಹಾಯೆನಿಸಿತು.

ಹೇಳಿದ ಹೊತ್ತಿಗೆ ಸರಿಯಾಗಿ ಫೋನು ಬಂತು. ಅಕ್ಕ, ಒತ್ತಿದಿರಾ ಎಂದು ಕೇಳಿದ. ಆಯ್ತು ಎಂಬುದು ಗಂಟಲಿಗೆ ಬಂದು ನಿಂತಿತ್ತು, ಅದನ್ನು ನುಂಗಿಕೊಂಡೆ.

"ಇಲ್ಲ ತಮ್ಮ. ಒತ್ತಲ್ಲ."

ಒಳಗೆ ಅತ್ತೆ ಎಲೆ ಅಡಿಕೆ ಕುಟ್ಟುತ್ತಿದ್ದದ್ದು ನಿಂತಿತು. ಯಾಕಕ್ಕ ಎಂದು ಅವನು ಕೇಳಿದ. ಕಾರಣಗಳು ಬೇಕಾದಷ್ಟಿದ್ದವು, ಸಾಲಾಗಿ ನಾಲಿಗೆಯ ಮೇಲೆ ಬಂದು ನಿಂತವು. ಒಂದನ್ನೂ ಕೊಡಲಿಲ್ಲ.

"ನಿಮ್ಮಪ್ಪನ್ನ ಕೇಳು" ಎಂದೆ.